ಒದ್ದರೂ ಮುರಿಯದ ಬಾಗಿಲು

ಹೊಸ ಆಟದ ಪ್ರದರ್ಶನದ ಹಿಂದಿನ ದಿನ, ನಾದಿನಿ ಊಟಕ್ಕೆ ಬರುತ್ತಾಳೆಂದು ಬಾಗಿಲಣ್ಣ ಸ್ವಲ್ಪ ಬೇಗ ಮನೆಗೆ ಹೊರಟಿದ್ದ. ಹೊರಡುವ ಮುಂಚೆ ತನ್ನ ಬಾಗಿಲನ್ನು ಒಮ್ಮೆ ಒದೆಸಿ ನೋಡಬೇಕಿತ್ತು, ನೋಡಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ವಿಡಿಯೊ ಗೇಮ್ ಮಾಡುವ ಆ ದೊಡ್ಡ ಕಂಪನಿಯಲ್ಲಿ ಅವನ ಕೆಲಸ ಬಾಗಿಲು ಮಾಡುವುದು. ಆಟದ ವೀರ ಕೊಡಲಿ ಹಿಡಿದು ಬಂದು ಒದೆಯುತ್ತಾನೆ, ಬಾಗಿಲು ಚೂರಾಗುತ್ತದೆ, ಒಳಗೆ ಕಡಿದಾಟ. ಆರು ಭಾಗಗಳಲ್ಲೂ ಇದೇ ಕತೆ. ಸುರಿಯುವ ದುಡ್ಡು ಹೆಚ್ಚಿದಷ್ಟೂ ಹೊಸದನ್ನು ಮಾಡುವ ಧೈರ್ಯ ಕಡಿಮೆಯಾಗಿತ್ತು. "ಒಂದ್ಸಲನಾದ್ರೂ ಇವನು ಯಾರನ್ನೂ ಕಡೀದೇ ಇರ್ಲಿ" ಎಂದು ಪ್ರತಿ ಮೀಟಿಂಗಿನಲ್ಲೂ ಗೋಗರೆಯುತ್ತಿದ್ದವಳು ಎಂಜಿನ್ ಅಕ್ಕ ಒಬ್ಬಳೇ. ಎಂಜಿನ್ ಎಂದರೆ ಆಟವನ್ನು ಒಳಗಿನಿಂದ ಓಡಿಸುವ ಸಾಫ್ಟ್‌ವೇರ್. ಬೆಂಕಿ ಉರಿಯುವುದು, ಗೋಡೆ ಬೀಳುವುದು ಎಲ್ಲ ಅದರ ಅಪ್ಪಣೆಯಂತೆ. ಅದನ್ನು ನೋಡಿಕೊಳ್ಳುವವಳು ಅಕ್ಕ.

ಮರುದಿನ ಬೆಳಿಗ್ಗೆ, ಹಣ ಹಾಕುವ ಯಜಮಾನರ ಮುಂದೆ ಏಳನೆಯ ಭಾಗದ ಪ್ರದರ್ಶನ. ವೀರ ಒದ್ದ. ಬಾಗಿಲು ಅಲುಗಲಿಲ್ಲ. ಮತ್ತೆ ಒದ್ದ. ಊಹೂಂ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಬಾಗಿಲಣ್ಣನಿಗೆ. ಆಡಿಸುತ್ತಿದ್ದವನು ಗಾಬರಿಯಲ್ಲಿ ಕೈಬಿಟ್ಟ. ಯಾರೂ ಆಡಿಸದಿದ್ದರೆ ವೀರ ಕೂತು ಸುಧಾರಿಸಿಕೊಳ್ಳುವುದು ವಾಡಿಕೆ. ಕೊಡಲಿ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತ. ಕಡಿದಾಟದ ಗದ್ದಲವಿಲ್ಲದ್ದರಿಂದ ಒಳಗೊಂದು ಮಗು ಅಳುವುದು ಮೊದಲ ಸಲ ಕೇಳಿಸಿತು.

ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟು ವರ್ಷ ಆ ಮನೇಲಿ ಮಗು ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಎಂಥಾ ಧೈರ್ಯ ಮಾಡಿದ್ದೀರಿ. ಈ ಬಾಗಿಲು ಯಾರ್ದು?"

ಎಲ್ಲರೂ ಬಾಗಿಲಣ್ಣನ ಕಡೆ ತಿರುಗಿದರು. ಬೈಸಿಕೊಳ್ಳಲು ಎದ್ದವನ ಕೈಯನ್ನು ಯಜಮಾನರು ಕುಲುಕಿದರು. ನಿಜ ಹೇಳಲೆಂದೇ ಬಾಯಿ ತೆರೆದವನು, "ನಂದೇ ಸರ್" ಎಂದುಬಿಟ್ಟ.

ಆಮೇಲೆ ಅವನ ಪಾಡು ಯಾರಿಗೂ ಬೇಡ. ಮ್ಯಾನೇಜರ್ ಭುಜ ತಟ್ಟಿ, "ನಾನೇ ಹೇಳ್ಕೊಟ್ಟಿದ್ದು" ಎಂದು ಸಾರಿದ. ಸಂಗೀತದವನು ಆ ಮೌನ ತನ್ನದೆಂದ. ಊಟದ ಹೊತ್ತಿಗೆ ಹೊಸಬರು ಸುತ್ತ ಕೂತು, "ಹೆಂಗೆ ಹೊಳೀತು ಸರ್ ಇದು?" ಎಂದು ಕೇಳಿದರು.

"ಅದೂ... ಬಾಗಿಲಿಗೂ ಒಂದು ಮರ್ಯಾದೆ ಅಂತ ಇರುತ್ತಲ್ಲ" ಎಂದ. ಅವರು ಅದನ್ನು ಬರೆದುಕೊಂಡರು.

ಹೊಗಳಿ ಹೊನ್ನಶೂಲಕ್ಕೇರಿಸುವುದೆಂದರೆ ಏನೆಂದು ಅವನಿಗೆ ಆಗ ತಿಳಿಯಿತು. ಆಚೆ ಮೇಜಿನಿಂದ ಎಂಜಿನ್ ಅಕ್ಕ ಅವನನ್ನೇ ನೋಡುತ್ತಿದ್ದಳು. ಇವಳಿಗೆ ಗೊತ್ತಾಗಿದೆ ಎಂದುಕೊಂಡ. ವರ್ಷಗಟ್ಟಲೆ ಆಕೆ ಬೇಡಿದ್ದು ತನ್ನ ಸೋಮಾರಿತನಕ್ಕೆ ದಕ್ಕಿತಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದ.

ಸಂಜೆ ಎಲ್ಲರ ಮುಂದೆ ಯಜಮಾನರು, "ಆಟ ಹೇಗಿರ್ಬೇಕು ಅಂತ ಇನ್ಮೇಲೆ ಇವರೇ ಹೇಳ್ತಾರೆ" ಎಂದರು. ಚಪ್ಪಾಳೆ ಬಿತ್ತು. ಬಾಗಿಲಣ್ಣನಿಗೆ ತಡೆಯಲಾಗಲಿಲ್ಲ.

"ಸರ್, ಧೈರ್ಯ ಗೀರ್ಯ ಏನೂ ಇಲ್ಲ. ನಿನ್ನೆ ಬಾಗಿಲು ಪರೀಕ್ಷೆ ಮಾಡ್ದೇ ಮನೆಗೆ ಹೋದೆ. ಅದು ಕೆಟ್ಟಿತ್ತು, ಅಷ್ಟೇ."

ಯಜಮಾನರ ಮುಖ ಇಳಿಯಿತು. "ಅಂದ್ರೆ ಇದು ತಪ್ಪು. ತಪ್ಪಿನ ಮೇಲೆ ಇಷ್ಟು ದುಡ್ಡು ಹಾಕಕ್ಕಾಗುತ್ತಾ? ಮೊದಲಿನ ಹಾಗೇ ಮುರೀಲಿ."

"ನಾನು ಬೆಳಿಗ್ಗೇನೇ ಅಂದ್ಕೊಂಡೆ" ಎಂದ ಮ್ಯಾನೇಜರ್.

ಮಾನ ಹೋದರೂ ಎದೆ ಹಗುರಾಗಿತ್ತು. ಬಾಗಿಲಣ್ಣ ನೇರ ಎಂಜಿನ್ ಅಕ್ಕನ ಬಳಿ ಹೋದ. "ನಿಮ್ಮದನ್ನ ಕದ್ದ ಹಾಗಾಗಿತ್ತು ಅಕ್ಕಾ. ಈಗ ಸಮಾಧಾನ ಆಯ್ತು."

ಅಕ್ಕ ತಲೆಯ ಮೇಲೆ ಕೈ ಹೊತ್ತಳು. "ನಿನ್ನ ಬಾಗಿಲು ನೆಟ್ಟಗೇ ಇತ್ತು ಕಣೋ. ನೀನು ಹೋದ್ಮೇಲೆ ಎಂಜಿನ್‌ನಲ್ಲಿ ಅದು ಮುರೀದ ಹಾಗೆ ಮಾಡಿದ್ದು ನಾನು. ಬಾಯಲ್ಲಿ ಹೇಳಿದ್ರೆ ಬೇಡ ಅಂತಾರೆ, ಕಣ್ಣಾರೆ ನೋಡಿದ್ರೆ ಒಪ್ತಾರೆ ಅಂತ."

"ಮತ್ತೆ ನೀವ್ಯಾಕೆ ಸುಮ್ನಿದ್ರಿ?"

"ಹೆಸರು ನಿಂಗೇ ಹೋಗ್ಲಿ, ಆಟದಲ್ಲಿ ಆ ಮಗು ಉಳೀಲಿ ಅಂತ."

"ಈಗ್ಲಾದ್ರೂ ಹೋಗಿ ಹೇಳೋಣ ಅಕ್ಕಾ."

"ತಪ್ಪು ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಆ ಮನುಷ್ಯ ಇನ್ನು ದುಡ್ಡು ಬಿಚ್ತಾನಾ? ಕುಂಬಳಕಾಯಿ ಕದೀದೇನೇ ಹೆಗಲು ಮುಟ್ಟಿ ನೋಡ್ಕೊಳ್ಳೋನು ಒಬ್ಬ ಇಲ್ಲೇ ಇದ್ದಾನೆ ಅಂತ ನಂಗೇನು ಗೊತ್ತು?"

ಅವಳು ಕಂಪ್ಯೂಟರಿನ ಕಡೆ ತಿರುಗಿ ತಾನು ಮಾಡಿದ್ದನ್ನು ಅಳಿಸತೊಡಗಿದಳು. ಬಾಗಿಲಣ್ಣನಿಗೆ ಮತ್ತೆ ನಾಚಿಕೆಯಾಯಿತು. ಈ ಸಲ ಅದಕ್ಕೆ ಸರಿಯಾದ ಕಾರಣವೂ ಇತ್ತು.