ಹಗಲು ನಿದ್ದೆಯ ಠರಾವು

ನಿವಾಸಿಗಳ ಸಂಘದ ಅಧ್ಯಕ್ಷರು ಬೆಳಿಗ್ಗೆ ಮೆಟ್ಟಿಲ ಮೇಲೆ "ಹೇಗಿದ್ದೀರಿ?" ಎಂದು ಕೇಳಿದಾಗ ಬೇಕರಿಯವನು ಚೆನ್ನಾಗಿದ್ದೇನೆ ಎಂದು ಹತ್ತಿಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನು ರಾತ್ರಿಯೆಲ್ಲ ಒಲೆಯ ಮುಂದೆ ನಿಂತು ಬಂದವನು. ಬಾಯಿ ತಪ್ಪಿ ನಿಜ ಹೇಳಿಬಿಟ್ಟ: ಮೇಲಿನ ಮನೆಯ ಬಡಗಿ ಹಗಲೆಲ್ಲ ಸುತ್ತಿಗೆ ಬಡಿಯುತ್ತಾನೆ, ತನಗೆ ನಿದ್ದೆಯೇ ಇಲ್ಲ.

ಸಂಕಟವೇನೋ ನಿಜವಾದದ್ದೇ. ಹೋದ ವಾರ ನಿಂತಲ್ಲೇ ತೂಕಡಿಸಿ ಒಂದು ಒಲೆ ತುಂಬ ಬ್ರೆಡ್ಡನ್ನು ಇದ್ದಿಲು ಮಾಡಿದ್ದ. ಇನ್ನೊಂದು ಸಲ ಸುಟ್ಟರೆ ಬೇರೆ ಕೆಲಸ ನೋಡಿಕೊಳ್ಳಬೇಕೆಂದು ಮಾಲೀಕರು ಹೇಳಿದ್ದರು. ಇವತ್ತು ನಿದ್ದೆಯಾಗದಿದ್ದರೆ ಅನ್ನಕ್ಕೇ ಕಲ್ಲು ಬೀಳುವುದರಲ್ಲಿತ್ತು.

ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು. ತಿದ್ದಲು ಮಕ್ಕಳು ಸಿಗದೆ ಕಾಲೊನಿಯನ್ನು ತಿದ್ದುತ್ತಿದ್ದರು. ಬೇಕರಿಯವನು ಮುಸುಕೆಳೆದುಕೊಳ್ಳುವಷ್ಟರಲ್ಲಿ ಕಾರ್ಯದರ್ಶಿಯನ್ನು ಕಟ್ಟಿಕೊಂಡು ಬಂದು ಬಾಗಿಲು ತಟ್ಟಿದರು. ಸದ್ದನ್ನು ಖುದ್ದಾಗಿ ಕೇಳದೆ ಕ್ರಮ ಕೈಗೊಳ್ಳುವಂತಿಲ್ಲವಂತೆ. ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಗ್ರಹಚಾರಕ್ಕೆ ಬಡಗಿ ಅಂದು ಮೊಳೆ ಮುಗಿದು ತೆಪ್ಪಗೆ ಕೂತಿದ್ದ. ಅಧ್ಯಕ್ಷರು ಸಂಘದ ಖರ್ಚಿನಲ್ಲಿ ಮೊಳೆ ತರಿಸಿಕೊಟ್ಟು, ಎಂದಿನಂತೆ ಬಡಿಯಲು ಹೇಳಿಕಳಿಸಿದರು.

"ಮಲಗಿ, ಮಲಗಿ. ನೀವು ಮಲಗಿದ್ರೇನೇ ತೊಂದರೆ ಎಷ್ಟು ಅಂತ ನಮಗೆ ಗೊತ್ತಾಗೋದು."

ಸುದ್ದಿ ಹಬ್ಬಿತು. ತನ್ನ ಸದ್ದನ್ನು ಸಂಘ ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂದು ಪಕ್ಕದ ಮನೆಯ ಡ್ರಮ್ ಮೇಷ್ಟ್ರಿಗೆ ಅವಮಾನವಾಯಿತು. ಶಿಷ್ಯರ ಸಮೇತ ಬಾರಿಸಿ ತೋರಿಸಿದ. ಹಿಂದಿನ ಸಾಲಿನ ಹಿಟ್ಟಿನ ಗಿರಣಿಯವನೂ ತನ್ನ ಸರದಿ ಯಾವಾಗ ಎಂದು ಕೇಳಿಹೋದ. ಹೆಂಡತಿ ಎಲ್ಲರಿಗೂ ಚಹಾ ಕೊಟ್ಟು ಸಾಕಾಗಿ, ಗಂಡನ ಕೆಂಡದಂಥ ಕಣ್ಣು ನೋಡಲಾರದೆ, ಮೂಗೊರೆಸಿಕೊಳ್ಳುತ್ತ ಎಲ್ಲಿಗೋ ಹೊರಟುಹೋದಳು.

ಮಧ್ಯಾಹ್ನ ಎಲ್ಲರೂ ಎದ್ದುಹೋದ ಮೇಲೆ ಅವನಿಗೆ ಒಂದಿಷ್ಟು ಜೊಂಪು ಹತ್ತಿತು. ಅಷ್ಟರಲ್ಲಿ ಬಾಗಿಲ ಮೇಲೆ ಧಡಧಡ ಸುತ್ತಿಗೆ. "ಇಲ್ಲಿ ಸದ್ದು ಮಾಡಬಾರದು" ಎಂಬ ಸಂಘದ ಫಲಕವನ್ನು ಬಡಗಿ ಜಡಿಯುತ್ತಿದ್ದ. ಬೇಕರಿಯವನಿಗೆ ಬದುಕೇ ಸಾಕೆನಿಸಿತು.

ಸಂಜೆ ತುರ್ತು ಸಭೆ. ದೂರು ಕೊಟ್ಟವನು ಇರಲೇಬೇಕೆಂದು ಅವನನ್ನು ಎಳೆದುತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಅಧ್ಯಕ್ಷರ ಭಾಷಣ ಶುರುವಾಯಿತು. ಅಂಥ ಜೋಗುಳವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇನ್ನು ಹಗಲು ಯಾರೂ ಸದ್ದು ಮಾಡಕೂಡದು. ಸುತ್ತಿಗೆ, ಡ್ರಮ್ಮು, ಗಿರಣಿ ಎಲ್ಲವೂ ಬೇಕರಿಯವನು ಕೆಲಸಕ್ಕೆ ಹೋದ ಮೇಲೆ, ರಾತ್ರಿಯೇ ನಡೆಯಬೇಕು ಎಂದು ಅಧ್ಯಕ್ಷರು ಠರಾವು ಮಂಡಿಸಿದರು. ಹಾಗಾದರೆ ನಾವು ಮಲಗುವುದು ಬೇಡವೇ ಎಂದು ಯಾರೋ ಗೊಣಗಿದರು. ಒಬ್ಬ ಬಡಪಾಯಿಗಾಗಿ ಇಷ್ಟು ತ್ಯಾಗ ಮಾಡಲಾರಿರಾ ಎಂದು ಅಧ್ಯಕ್ಷರು ತರಗತಿ ನೋಡಿದ ಹಾಗೆ ನೋಡಿದರು. ಸಭೆ ತಲೆ ತಗ್ಗಿಸಿತು.

"ನೀವು ಅನುಮೋದಿಸ್ತೀರಾ?" ಎಂದು ಬೇಕರಿಯವನನ್ನು ಕೇಳಿದರು.

ಅವನ ತಲೆ ಎದೆಯ ಮೇಲೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ತುಂಬುಮನಸ್ಸಿನಿಂದ ಒಪ್ಪಿದ್ದಾರೆ ಎಂದು ಕಾರ್ಯದರ್ಶಿ ಬರೆದುಕೊಂಡ.

ಚಪ್ಪಾಳೆಗೆ ಎಚ್ಚೆತ್ತು, ವಿಷಯ ತಿಳಿದಾಗ ಅವನ ಕಣ್ಣಲ್ಲಿ ನೀರೇ ಬಂತು. ಇನ್ನು ಹಗಲೆಲ್ಲ ನಿದ್ದೆ. ಇಂಥವರನ್ನು ಮನಸ್ಸಿನಲ್ಲೇ ಬೈದೆನಲ್ಲ ಎಂದು ನಾಚಿಕೆಯಾಯಿತು. ಮನೆಗೆ ಓಡಿದರೆ ಹೆಂಡತಿಯೂ ನಗುತ್ತ ಬಾಗಿಲಲ್ಲೇ ನಿಂತಿದ್ದಳು.

"ಕೆಲಸಕ್ಕೆ ಹೊರಡಬೇಡಿ," ಎಂದಳು. "ಮಧ್ಯಾಹ್ನ ನಿಮ್ಮ ಮಾಲೀಕರ ಹತ್ರ ಹೋಗಿ ಅತ್ತೂ ಕರೆದೂ ಒಪ್ಪಿಸಿದೀನಿ. ನಾಳೆಯಿಂದ ನಿಮಗೆ ಹಗಲು ಪಾಳಿ. ರಾತ್ರಿ ಎಲ್ಲರ ಹಾಗೆ ಹಾಯಾಗಿ ಮಲಗಬಹುದು. ಇನ್ನೂ ತೂಕಡಿಸಿದ್ರೆ ಮಾತ್ರ ಕೆಲಸ ಇಲ್ಲ ಅಂದ್ರು."

ಬಂದ ಕಾಲಲ್ಲೇ ಅವನು ಅಧ್ಯಕ್ಷರ ಮನೆಗೆ ಓಡಿದ. ಒಮ್ಮೆ ಆದ ಠರಾವನ್ನು ಒಂದು ವರ್ಷ ಮುಟ್ಟುವಂತಿಲ್ಲ ಎಂದು ಅವರು ನಿಯಮ ತೋರಿಸಿದರು. ಅನುಮೋದಿಸಿದವನೇ ತಿರುಗಿಬಿದ್ದರೆ ಅಷ್ಟು ತ್ಯಾಗ ಮಾಡಿದ ಜನ ಏನೆಂದಾರು ಎಂದೂ ಕೇಳಿದರು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡವನು ಯಾರಿಗೆ ದೂರು ಕೊಡಬೇಕು? ಮನೆಗೆ ಬಂದು ಕಿವಿಯ ಮೇಲೆ ದಿಂಬು ಒತ್ತಿಕೊಂಡು ಬಿದ್ದುಕೊಂಡ.

ಪಕ್ಕದಲ್ಲಿ ಡ್ರಮ್ಮು ಶುರುವಾಗಿತ್ತು. ಅದಕ್ಕೂ ಮೀರಿ ಅವನದೇ ಬಾಗಿಲು ಧಡಧಡ ಎಂದಿತು. ತೆರೆದರೆ ಬಡಗಿ. ಫಲಕದ ಕೆಳಗೆ "ಹಗಲು ಹೊತ್ತು ಮಾತ್ರ" ಎಂಬ ಹೊಸ ಹಲಗೆ ಜಡಿಯುತ್ತಿದ್ದ.

ಅವನು ಬಾಯಲ್ಲಿದ್ದ ಮೊಳೆ ತೆಗೆದು ವಿನಯದಿಂದ ಕೇಳಿದ: "ಮಲಗಿರ್ಲಿಲ್ಲ ತಾನೆ ಅಣ್ಣಾ?"