ಅರ್ಧ ಅಂಟಿಸಿದ ಹೋರ್ಡಿಂಗು

ಆ ಮಂಗಳವಾರ ಬೆಳಗ್ಗೆ ವೇಡ್ ಟಾಲಿವರ್‌ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಓಟಿಸನ ಕ್ಷೌರದಂಗಡಿಯ ಮುಂದೆ. ಎದುರುಗಡೆ ಇಬ್ಬರು ಏಣಿ ಹತ್ತಿ ಹೋರ್ಡಿಂಗ್ ಅಂಟಿಸುತ್ತಿದ್ದರು. ಇನ್ನೂ ಅರ್ಧ ಮಾತ್ರ ಆಗಿತ್ತು. ಆ ಅರ್ಧದಲ್ಲಿ ಬ್ರೂಕ್ಸ್ ಲ್ಯಾಂಡ್ರಿ ಹೊಸ ಪಿಕಪ್ ಗಾಡಿಗೆ ಒರಗಿಕೊಂಡು ಹಲ್ಲು ಕಿರಿಯುತ್ತಿದ್ದ.

ಬ್ರೂಕ್ಸ್, ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡೆಸೆಯುವವನು. ಎದುರಾಳಿಗಳು ಅವನ ಮೇಲೆ ಬೀಳದಂತೆ ಅಡ್ಡ ನಿಂತು ಗುದ್ದು ತಿನ್ನುವ ಐವರಲ್ಲಿ ವೇಡ್ ಒಬ್ಬ. ಆಟಗಾರರು ತಮ್ಮ ಹೆಸರು, ಮುಖದಿಂದ ಸಂಪಾದಿಸಬಹುದೆಂದು ಕಾನೂನು ಬಂದದ್ದೇ ತಡ, ಬ್ರೂಕ್ಸನ ಮುಖ ಕೋಳಿ ರೆಕ್ಕೆಯ ಡಬ್ಬಿಗೂ ಹಾಸಿಗೆ ಅಂಗಡಿಯ ಬಾಗಿಲಿಗೂ ಏರಿತು. ವೇಡನ ಮುಖ ಇದ್ದದ್ದು ಅವನ ತಾಯಿಯ ಫ್ರಿಜ್ಜಿನ ಮೇಲೆ. ಅವನ ಹಳೇ ಕಾರು ಬೇಸಿಗೆಯಲ್ಲೇ ಕಣ್ಣು ಮುಚ್ಚಿತ್ತು. ಪಕ್ಕದ ಊರಿನ ಆ ತಾಯಿಯನ್ನು ನೋಡಬೇಕೆಂದರೂ ಬ್ರೂಕ್ಸನ ಮುಂದೆಯೇ ಹಲ್ಲು ಗಿಂಜಬೇಕು.

"ನಿನ್ ದೋಸ್ತ್ ಇನ್ನೊಂದ್ ಗಾಡಿ ಹೊಡೆದ್ನಲ್ಲೋ!" ಎಂದ ಓಟಿಸ್ ಕತ್ತರಿ ಹಿಡಿದು ಹೊರಗೆ ಬಂದು. "ನೀನಿನ್ನೂ ಕಾಲ್ನಡಿಗೇನಾ? ಅಲ್ನೋಡು, ಕಾಲೇಜಿನ ಜೆರ್ಸೀಲೇ ನಿಂತವ್ನೆ. ಪರ್ಮಿಷನ್ ಇಲ್ದೆ ಜಾಹೀರಾತಿಗೆ ಅದನ್ನ ಹಾಕ್ಕೊಳೋ ಹಂಗಿಲ್ವಂತಲ್ಲ?"

ವೇಡನ ಕಿವಿ ನೆಟ್ಟಗಾಯಿತು. ಕಾಲೇಜಿನ ನಿಯಮಪಾಲನೆ ಆಫೀಸಿಗೆ ಒಂದೇ ಉಸಿರಿಗೆ ಓಡಿದ.

"ಪರ್ಮಿಷನ್ ಯಾರೂ ಕೇಳಿಲ್ಲ," ಎಂದಳು ಅಲ್ಲಿನ ಲೊರೆಟಾ, ಕಂಪ್ಯೂಟರ್ ನೋಡಿ.

"ನನಗೇನ್ ಹೊಟ್ಟೆಕಿಚ್ಚಿಲ್ಲ ಮೇಡಂ. ಕಾನೂನು ಅಂದ್ಮೇಲೆ ಕಾನೂನು."

"ನಾನ್ ಹಂಗಂದ್ನೇನಪ್ಪಾ? ಹೋಗಿ ಫೋಟೋ ತಗೊಂಬಾ."

ವೇಡ್ ವಾಪಸ್ ಓಡಿದ. ಬ್ರೂಕ್ಸನೂ ಜೆರ್ಸಿಯೂ ಒಟ್ಟಿಗೆ ಸಿಗಲೆಂದು ಮೊಬೈಲ್ ಹಿಡಿದು ಹಿಂದೆ ಹಿಂದೆ ಸರಿದು ಓಟಿಸನ ಕಸದ ಡಬ್ಬದೊಳಗೆ ಕುಳಿತುಬಿಟ್ಟ. ತಲೆಗೂದಲು ಮೆತ್ತಿದ ಪ್ಯಾಂಟಿನಲ್ಲೇ ಹೋಗಿ ಫೋಟೋ ತೋರಿಸಿದ. ಲೊರೆಟಾ ಅಲ್ಲೇ ಗಾಡಿ ಷೋರೂಮಿಗೆ ಫೋನ್ ಮಾಡಿ ಹೋರ್ಡಿಂಗ್ ಇಳಿಸಲು ಹೇಳಿದಳು.

ಮಧ್ಯಾಹ್ನ, ಕಣ್ತುಂಬ ನೋಡೋಣವೆಂದು ವೇಡ್ ಮತ್ತೆ ಅಲ್ಲಿಗೆ ಬಂದ. ಅಂಟಿಸಿದವರೇ ಕಿತ್ತುಹಾಕುತ್ತಿದ್ದರು. ಬ್ರೂಕ್ಸನ ಮುಖ ಅರ್ಧ ಹರಿದು ಜೋತುಬಿದ್ದಿತ್ತು. ಆಹಾ, ಎಂಥ ತಂಪು!

ಅಷ್ಟರಲ್ಲಿ ಕಣ್ಣು ಬಲಗಡೆಗೆ ಹೊರಳಿತು. ಬೆಳಗ್ಗೆ ಇಲ್ಲದಿದ್ದ ಆ ಉಳಿದರ್ಧದಲ್ಲಿ ಸಾಲಾಗಿ ಐದು ಪಿಕಪ್ ಗಾಡಿಗಳು ನಿಂತಿದ್ದವು. ಕೆಳಗೆ ದಪ್ಪ ಅಕ್ಷರ: "ನನಗಾಗಿ ಗುದ್ದು ತಿನ್ನುವ ಐವರಿಗೆ ಒಂದೊಂದು. ನಿಮ್ಮ ಬ್ರೂಕ್ಸ್."

ವೇಡ್ ಬೆರಳು ಮಡಿಸಿ ಗಾಡಿಗಳನ್ನು ಮತ್ತೊಮ್ಮೆ ಎಣಿಸಿದ.

ಪಕ್ಕದಲ್ಲಿ ಬ್ರೂಕ್ಸನ ಗಾಡಿ ಬಂದು ನಿಂತಿತು. "ನೋಡಿದ್ಯಾ ಮಗಾ? ದುಡ್ಡೇ ಬೇಡ, ನನ್ ಹುಡುಗ್ರಿಗೆ ಗಾಡಿ ಕೊಡಿ ಅಂತ ಷೋರೂಮಿನವನನ್ನ ಒಪ್ಪಿಸಿದ್ದೆ. ಸಂಜೆ ನಿಮಗೆಲ್ಲ ತೋರಿಸಿ ಬೆರಗು ಮಾಡ್ಬೇಕು ಅಂತಿದ್ದೆ. ಯಾವನೋ ಕಂಪ್ಲೇಂಟ್ ಕೊಟ್ಟವ್ನೆ. ಷೋರೂಮಿನವನು ಹೆದರಿಕೊಂಡು ನಿಮ್ ಸಹವಾಸಾನೇ ಸಾಕು ಅಂದ್ಬಿಟ್ಟ!"

"ಇನ್ನೊಂದ್ಸಲ... ಜೆರ್ಸಿ ಇಲ್ದೆ..." ವೇಡ್ ತೊದಲಿದ.

"ಕೇಳಿದೆ ಕಣೋ. ಆಗಲ್ವಂತೆ. ಆ ಹೊಟ್ಟೆಕಿಚ್ಚಿನ ನನ್ಮಗ ಕೈಗೆ ಸಿಗ್ಲಿ, ಉಳಿದ ನಾಲ್ವರೂ ಕಾಯ್ತಾ ಕೂತವ್ರೆ. ಗಾಡಿ ಹತ್ತೋ, ಹುಡುಕೋಣ. ನಿನ್ನಷ್ಟು ನಂಬಿಕೆಯವನು ನನಗೆ ಇನ್ಯಾರಿದ್ದಾರೆ?"

ವೇಡ್ ಪ್ಯಾಂಟು ಕೊಡವಿಕೊಂಡು ಹತ್ತಿ ಕುಳಿತ. ಸೀಟು ಬಹಳ ಮೆತ್ತಗಿತ್ತು.