ಪಂಕಜಂ ಅಕ್ಕನ ಜಿರಳೆ ಮೂಳೆ

ಪಂಕಜಂ ಅಕ್ಕನನ್ನು ಮೊದಲು ಕಂಡ ದಿನವೇ ನಾನು ಜಗಳ ತೆಗೆದೆ. ಕಟ್ಟಬೆಟ್ಟಿನ ಟೀ ಎಲೆ ತೂಗುವ ಶೆಡ್ಡು. “ನಿನ್ನ ಮೂಟೇಲಿ ಕಡ್ಡೀನೇ ಜಾಸ್ತಿ” ಎಂದೆ. “ನಿನ್ನ ಮಾತಲ್ಲೂ ಅಷ್ಟೇ” ಎಂದಳು. ಅಂದಿನಿಂದ ಬಿಡಿಸಲಾಗದ ಸ್ನೇಹ!

ಇಂಥ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಸ್ಪತ್ರೆಗೆ ಜೊತೆ ಹೋದವಳು ನಾನು. ನನಗೆ ರುಜು ಹಾಕುವಷ್ಟೇ ಅಕ್ಷರ. ಆದರೆ ಕೇಳಿದ ಮಾತನ್ನು ಒಂದು ಸೊಲ್ಲೂ ಬಿಡದೆ ತಲುಪಿಸುವುದರಲ್ಲಿ ಈ ನೀಲಗಿರಿಯಲ್ಲೇ ನನ್ನ ಸಮ ಯಾರಿದ್ದಾರೆ! ಡಾಕ್ಟರ ಮಾತನ್ನು ಹಾಗ್ಹಾಗೇ ಮುಟ್ಟಿಸುತ್ತೇನೆ ಎಂದು ಸೆರಗು ಬಿಗಿದೆ.

“ಅಜ್ಜಿ, ಇವರ ಟ್ರೊಕ್ಯಾಂಟರ್ ಒಡೆದಿದೆ. ಬೇಗ ಆಪರೇಷನ್ ಆಗಬೇಕು. ಮಲಗೇ ಇದ್ದರೆ ಎದೇಲಿ ಕಫ ಕಟ್ಟಿ ಜೀವಕ್ಕೇ ಬರುತ್ತೆ” ಎಂದು ನನಗೆ ಹೇಳಿದರು ಡಾಕ್ಟರ್ ಸುರೇಂದ್ರನ್.

ಟ್ರೊಕ್ಯಾಂಟರ್ ಎಂದರೇನು? ಊಟಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಮೊಮ್ಮಗಳು ಜೀವಿತಾಗೆ ಫೋನ್ ಹಚ್ಚಿದೆ. ಯಾಕೆ ಎಂದು ಮಾತ್ರ ಹೇಳಲಿಲ್ಲ.

“ಅದಾ ಅಜ್ಜಿ? ಜಿರಳೆ ಕಾಲಿಂದು! ಮೈಗೆ ಅಂಟಿರೋದು ಕಾಕ್ಸ, ಪಕ್ಕದ್ದು ಟ್ರೊಕ್ಯಾಂಟರ್, ಆಮೇಲೆ ಫೀಮರ್...” ಪರೀಕ್ಷೆಗೆ ಓದಿದ್ದನ್ನೆಲ್ಲ ಒಪ್ಪಿಸಿದಳು.

ನಾನೂ ಅಕ್ಕನಿಗೆ ಒಪ್ಪಿಸಿದೆ.

“ಏನೇ ದೇವೀರಿ, ನನ್ನ ಸೊಂಟದಲ್ಲಿ ಜಿರಳೆ ಕಾಲಾ?”

“ಹೆಸರು ಡಾಕ್ಟರದ್ದು, ಅರ್ಥ ಕಾಲೇಜಿಂದು ಅಕ್ಕಾ!”

“ಓಹೋ! ಮುರಿದಿದ್ದು ತೆಗೆದು ಜಿರಳೇದು ಜೋಡಿಸ್ತಾರೋ? ಕತ್ತಿ ಮುಟ್ಟಿಸೋಕೆ ಬಿಡಲ್ಲ, ಹೋಗು!”

ಡಾಕ್ಟರು ಬಂದು ಬೇಡಿಕೊಂಡರು. ಅಕ್ಕ ಗೋಡೆಯತ್ತ ಮುಖ ತಿರುಗಿಸಿದಳು. ಹಟ ದಿನಗಟ್ಟಲೆ ನಡೆಯಿತು. ಅಕ್ಕನ ಎದೆ ಗೊರಗೊರ ಎನ್ನತೊಡಗಿತು.

ಕೊನೆಗೆ ನರ್ಸ್ ಕಮಲಂ ತನ್ನ ಸೊಂಟವನ್ನೇ ಪಟಪಟ ಬಡಿದು ತೋರಿಸಿದಳು. “ಅಮ್ಮಾ, ನಂಗೂ ಇದೆ, ಡಾಕ್ಟರಿಗೂ ಇದೆ. ಮನುಷ್ಯರ ಮೂಳೆಗೂ ಅದೇ ಹೆಸರು!”

ಓಡಿ ಮಂಚದ ಪಕ್ಕ ಕೂತೆ. “ಅಕ್ಕಾ, ನಮ್ಮೂರಲ್ಲಿ ಮಾದ ಅಂತ ಇಬ್ಬರಿಲ್ವಾ? ಹಂಗೇ ಇದೂನೂ!”

ಅಕ್ಕ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. “ಮಾಡ್ಲಿ ಬಿಡು” ಎಂದಳು.

ಆಪರೇಷನ್ ಸರಿಯಾಗಿಯೇ ಆಯಿತಂತೆ. ಎದೆಯ ಕಫ ಬಿಡಲಿಲ್ಲ. ಅಕ್ಕ ಮತ್ತೆ ಕಣ್ಣು ತೆರೆಯಲಿಲ್ಲ.

ಆಪರೇಷನ್ನಿಗೆ ಒಳಗೆ ತಳ್ಳಿಕೊಂಡು ಹೋಗುವಾಗ ಅಕ್ಕ ಗಾಡಿ ನಿಲ್ಲಿಸಿ, ಮಲಗಿದಲ್ಲಿಂದಲೇ ನನ್ನ ಕೈ ಹಿಡಿದು ಕೇಳಿದ್ದಳು:

“ಅಂಗಾತ ಬಿದ್ದ ಜಿರಳೆ ಮತ್ತೆ ಏಳುತ್ತೇನೇ, ದೇವೀರಿ?”